ಹದಿನೆಂಟನೇ ಕಿಲೋಮೀಟರು

ಚಿತ್ರದುರ್ಗ ಬಿಟ್ಟು ಹೊಳಲ್ಕೆರೆ ದಾರಿಯಲ್ಲಿ ಹದಿನೆಂಟು ಕಿಲೋಮೀಟರು ಬರುವಷ್ಟರಲ್ಲಿ ನೇತ್ರಾವತಿಯ ಬೈಕು ಒಮ್ಮೆ ಉಗ್ಗಿತು. ಮತ್ತೊಮ್ಮೆ ಉಗ್ಗಿತು. ಆಕ್ಸಿಲರೇಟರ್ ತಿರುಗಿಸಿದಷ್ಟೂ ಎಂಜಿನ್ ಸೊರಗುತ್ತ ಬಂದು ಕೊನೆಗೆ ಸುಮ್ಮನಾಯಿತು. ಟ್ಯಾಂಕ್ ತುಂಬ ಪೆಟ್ರೋಲಿತ್ತು. ಅರ್ಧ ಗಂಟೆ ಹಿಂದೆಯಷ್ಟೇ ತುಂಬಿಸಿದ್ದಳು. ಇನ್ನೂರು ಕೆಜಿಯ ಗಾಡಿಯನ್ನು ರಸ್ತೆ ಬದಿಗೆ ತಳ್ಳಿ ನಿಲ್ಲಿಸಿ, ಹೆಲ್ಮೆಟ್ ತೆಗೆದು ಕನ್ನಡಿಗೆ ಸಿಕ್ಕಿಸಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸಿ, ಮುಂದಿನ ಚಕ್ರಕ್ಕೆ ಒಂದು ಒದೆ ಕೊಟ್ಟಳು. ನೋವಾದದ್ದು ಅವಳ ಕಾಲಿಗೇ.

ಹದಿನೈದು ದಿನಗಳಲ್ಲಿ ಇದು ಏಳನೇ ಸಲ.

ಬೈಕಿನ ಎರಡೂ ಪಕ್ಕಕ್ಕೆ ಅಲ್ಯೂಮಿನಿಯಂ ಪೆಟ್ಟಿಗೆಗಳಿದ್ದವು. ಬಲಗಡೆಯದರಲ್ಲಿ ಐಸ್ ತುಂಬಿದ ಡಬ್ಬಿ, ಅದರೊಳಗೆ ಆ ಬೆಳಗ್ಗೆ ಚಿತ್ರದುರ್ಗದಿಂದ ತಂದಿದ್ದ, ಕುರಿಗಳ ಕರುಳುಬೇನೆಗೆ ಹಾಕುವ ಲಸಿಕೆಯ ಬಾಟಲಿಗಳು. ಬಿ.ದುರ್ಗದ ಹತ್ತಿರದ ಹಟ್ಟಿಯೊಂದರಲ್ಲಿ ಸಣ್ಣತಿಮ್ಮಪ್ಪನೆಂಬ ಹಿರಿಯ ತನ್ನ ಮುನ್ನೂರು ಕುರಿಗಳನ್ನು ಮುಳ್ಳುಬೇಲಿಯ ರೊಪ್ಪದಲ್ಲೇ ತಡೆದು ಅವಳಿಗಾಗಿ ಕಾಯುತ್ತಿದ್ದ. ಎಂಟು ಗಂಟೆಗೆ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಈಗ ಏಳೂವರೆ.

ನೇತ್ರಾವತಿ ಹೊಳಲ್ಕೆರೆ ಪಶು ಆಸ್ಪತ್ರೆಯ ಪರೀಕ್ಷಕಿ, ಡಾಕ್ಟರ ಕೈಕೆಳಗಿನವಳು. ಹಟ್ಟಿಗಳ ಜನ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಾರೆ. ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಸುಸ್ತಾಗಿ ಬಿಟ್ಟಳು. ಹುಟ್ಟಿದ್ದು ಜವನಗೊಂಡನಹಳ್ಳಿ ಕಡೆಯ ಗೊಲ್ಲರಹಟ್ಟಿಯಲ್ಲಿ; ಅಪ್ಪ ಯತ್ತಪ್ಪ ಈಗಲೂ ಕುರಿ ಸಾಕುತ್ತಾರೆ. ಅವಳು ಆರನೇ ಕ್ಲಾಸಿನಲ್ಲಿದ್ದಾಗ ಮೊದಲ ಮಳೆಗೆ ಚಿಗುರಿದ ಹುಲ್ಲು ತಿಂದು, ಇದೇ ಕರುಳುಬೇನೆ ಬಂದು, ಅಪ್ಪನ ಹನ್ನೊಂದು ಕುರಿಗಳು ಎರಡೇ ದಿನದಲ್ಲಿ ಕಾಲು ಬಡಿದು ಸತ್ತಿದ್ದವು. ಲಸಿಕೆ ಹಾಕುವವರು ಬಂದದ್ದು ಅದಾಗಿ ನಾಲ್ಕು ದಿನಕ್ಕೆ. ಅದನ್ನು ನೋಡಿಯೇ ಈ ಕೆಲಸಕ್ಕೆ ಸೇರಿದಳೆಂದು ಯಾರಾದರೂ ಹೇಳಿದರೆ ಅವಳೇ ನಗುತ್ತಾಳೆ. ಪಿಯುಸಿ ಮುಗಿದಾಗ ಡಿಪ್ಲೊಮಾ ಸೀಟು ಸಿಕ್ಕಿತು, ಸೇರಿದಳು, ಅಷ್ಟೆ. ಆದರೆ ಹೇಳಿದ ಹೊತ್ತಿಗೆ ಹಟ್ಟಿ ತಲುಪುವ ವಿಷಯದಲ್ಲಿ ಮಾತ್ರ ಅವಳದು ಬಲು ಕಟ್ಟುನಿಟ್ಟು.

ಆ ಕಟ್ಟುನಿಟ್ಟಿಗಾಗಿಯೇ ಎರಡು ವರ್ಷದ ಹಿಂದೆ ಈ ಬೈಕು ತೆಗೆದುಕೊಂಡದ್ದು. ಚಿತ್ರದುರ್ಗದ ಕಾಲೇಜು ಲೆಕ್ಚರರ್ ಒಬ್ಬರು ಹಿಮಾಲಯದವರೆಗೆ ಓಡಿಸಿ, ಸೊಂಟ ಹಿಡಿದುಕೊಂಡ ಮೇಲೆ ಮಾರಿದ ಗಾಡಿ. ಇಪ್ಪತ್ತು ಲೀಟರಿನ ಟ್ಯಾಂಕು, ಎತ್ತರದ ಸೀಟು, ಐಸ್ ಡಬ್ಬಿ ಸರಿಯಾಗಿ ಕೂರುವ ಪೆಟ್ಟಿಗೆಗಳು. ಹೊಳಲ್ಕೆರೆಯ ಬಸ್ ನಿಲ್ದಾಣದ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಗಂಡ ಗಿರೀಶ್ ಆಗಲೇ ಬೇಡವೆಂದಿದ್ದ. "ಅದು ಟೂರ್ ಹೋಗೋರ ಗಾಡಿ ಕಣೆ ನೇತ್ರಾ, ಕುರಿಗೆ ಸೂಜಿ ಚುಚ್ಚೋರ್ದಲ್ಲ." ಎರಡು ವರ್ಷ ಆ ಗಾಡಿ ಒಂದು ದಿನವೂ ಕೈಕೊಡಲಿಲ್ಲ. ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ, ಎಲ್ಲಿ ಲಸಿಕೆ ಅಭಿಯಾನವಾದರೂ ಅವಳೇ ಮೊದಲು. ಈ ವರ್ಷ ಮಾರ್ಚಿಯಲ್ಲಿ ಚಿಕುನ್‌ಗುನ್ಯ ಬಂದು ಒಂದೂವರೆ ತಿಂಗಳು ಕೀಲುಗಳನ್ನು ಹಿಡಿದುಕೊಂಡು ಮಲಗಿದಳು. ಬೈಕು ಮನೆ ಪಕ್ಕದ ಶೀಟಿನ ಕೆಳಗೆ ನಿಂತಿತ್ತು. ಎದ್ದು ಕೆಲಸಕ್ಕೆ ಹೋದ ಮೇಲೆ ಈ ಕಾಟ ಶುರುವಾಯಿತು.

ಕಾಟವೆಂದರೆ ಎಂಥ ಕಾಟ! ಪೂರ್ತಿ ಕೆಟ್ಟು ಹೋಗಿದ್ದರೆ ಸರಿ ಮಾಡಿಸಬಹುದಿತ್ತು. ಇದು ರಸ್ತೆಯಲ್ಲಿ ನಿಲ್ಲುತ್ತದೆ, ಕಾಲು ಗಂಟೆ ಬಿಟ್ಟರೆ ತಾನಾಗಿ ಸ್ಟಾರ್ಟ್ ಆಗುತ್ತದೆ. ನಿಂತಾಗ ಯಾರಾದರೂ ಸಹಾಯಕ್ಕೆ ಬಂದರೆ ಅವರು ಮಾಡುವ ಮೊದಲ ಕೆಲಸ ಒಂದೇ. ಕೀ ಕೇಳಿ, ಟ್ಯಾಂಕಿನ ಮುಚ್ಚಳ ತೆಗೆದು, ಬಗ್ಗಿ ನೋಡಿ, "ಪೆಟ್ರೋಲ್ ಐತಲ್ರೀ ಮೇಡಂ!" ಅನ್ನುವುದು. ಐದು ನಿಮಿಷದಿಂದ ಅವಳು ಅದನ್ನೇ ಹೇಳುತ್ತಿರುತ್ತಾಳೆ. ಆಮೇಲೆ ಅವರು ಪ್ಲಗ್ಗಿನ ಕ್ಯಾಪು ಒತ್ತುತ್ತಾರೆ, ಗಾಡಿಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾರೆ, ಬಟನ್ ಒತ್ತುತ್ತಾರೆ. ಗುರ್ರೆಂದು ಸ್ಟಾರ್ಟ್! ಒಬ್ಬರು ಪ್ಲಗ್ಗಿನ ದೋಷವೆಂದರು, ಇನ್ನೊಬ್ಬರು ವೈರಿಂಗ್ ಎಂದರು, ಟೊಮೆಟೊ ಲೋಡಿನ ಡ್ರೈವರ್ ಒಬ್ಬ ಬೈಕಿಗೆ ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟಿ ಎಂದ.

ಚಿತ್ರದುರ್ಗದಲ್ಲಿ ರಾಜಶೇಖರ್ ಎಂಬ ಮೆಕ್ಯಾನಿಕ್ ಇದ್ದಾನೆ. ದೊಡ್ಡ ಬೈಕುಗಳಿಗೆ ಅವನದೇ ಕೈ ಎಂದು ಹೆಸರು. ಅವನು ಮೊದಲ ಸಲ ಕಾರ್ಬೋರೇಟರ್ ಬಿಚ್ಚಿ ತೊಳೆದ. ಎರಡನೇ ಸಲ ಪೆಟ್ರೋಲ್ ಫಿಲ್ಟರ್, ಪ್ಲಗ್ಗು ಎರಡನ್ನೂ ಬದಲಾಯಿಸಿದ. ಮೂರನೇ ಸಲ ಟ್ಯಾಂಕನ್ನೇ ಇಳಿಸಿ ಬಗ್ಗಿಸಿ, ತುಕ್ಕಿಲ್ಲ ಕಸವಿಲ್ಲ ಎಂದು ತೋರಿಸಿದ. ಪ್ರತಿ ಸಲವೂ ಚಂದ್ರವಳ್ಳಿಯವರೆಗೆ ಒಂದು ರೌಂಡು ಹೊಡೆದು ಬಂದು, "ಕಲ್ಲಿದ್ದಂಗೈತೆ ಗಾಡಿ, ತಗಂಡ್ ಹೋಗ್ರಿ ಮೇಡಂ" ಎಂದ. ಪ್ರತಿ ಸಲವೂ ಮಾರನೇ ದಿನವೋ ಅದರ ಮಾರನೇ ದಿನವೋ ಗಾಡಿ ನಿಂತಿತು. ಹೊಸದುರ್ಗದಲ್ಲಿ ಇನ್ನೊಬ್ಬನಿಗೆ ತೋರಿಸಿದಳು. ಅವನು ರಾಜಶೇಖರ್ ಹಾಕಿದ್ದ ಫಿಲ್ಟರ್ ಕಿತ್ತು ಬೇರೆ ಹಾಕಿ, ಟ್ಯಾಂಕಿನ ಕೆಳಗಿನ ನಲ್ಲಿಯನ್ನು, ಅಂದರೆ ಪೆಟ್ರೋಲ್ ಕಾಕನ್ನು, ಬದಲಾಯಿಸಿ, ಮೊದಲಿನವನಿಗೆ ಕೆಲಸವೇ ಬರುವುದಿಲ್ಲವೆಂದು ಬೈದು ಕಳಿಸಿದ. ಹಿಂತಿರುಗುವಾಗ ಗಾಡಿ ನಿಂತಿತು.

ಗಿರೀಶ್ ಮೊಬೈಲಿನಲ್ಲಿ ನೋಡಿ ಹೊಸ ವಾದ ತಂದ: ಪೆಟ್ರೋಲಿನಲ್ಲೇ ನೀರಿದೆ. ಅದಕ್ಕೆ ಆಧಾರವೂ ಇತ್ತು. ಬೈಕು ನಿಲ್ಲುತ್ತಿದ್ದದ್ದು ಹೆಚ್ಚಾಗಿ ಫುಲ್ ಟ್ಯಾಂಕ್ ಮಾಡಿಸಿದ ದಿನವೇ. ಅರ್ಧ ಟ್ಯಾಂಕಿನಲ್ಲಿ ಅರವತ್ತು ಎಪ್ಪತ್ತು ಕಿಲೋಮೀಟರು ಸಲೀಸಾಗಿ ಓಡುತ್ತಿತ್ತು. ನೇತ್ರಾವತಿ ಬಂಕಿಗೆ ಹೋಗಿ ಜಗಳವಾಡಿದಳು. ಗಾಜಿನ ಬಾಟಲಿಯಲ್ಲಿ ಪೆಟ್ರೋಲ್ ಹಿಡಿದು ಮನೆಯ ಹೊರಗೆ ಕಟ್ಟೆಯ ಮೇಲಿಟ್ಟು ಇಡೀ ದಿನ ಕಾದಳು. ನೀರೂ ಇಲ್ಲ, ಕೆಸರೂ ಇಲ್ಲ. ಬಂಕ್ ಬದಲಿಸಿದಳು. ಹಿರಿಯೂರಿಗೆ ಹೋದಾಗ ಅಲ್ಲಿ ತುಂಬಿಸಿಕೊಂಡಳು. ಹೆದ್ದಾರಿಯಲ್ಲಿ, ಲಾರಿಗಳ ಮಧ್ಯೆ ನಿಂತಿತು.

ನಾಲ್ಕನೇ ಸಲ ಹೋದಾಗ ರಾಜಶೇಖರ್ ಬೈಕನ್ನು ನೋಡಲೇ ಇಲ್ಲ. ಅವಳನ್ನೇ ನೋಡಿದ. "ಬೇಜಾರ್ ಮಾಡ್ಕಬ್ಯಾಡ್ರಿ ಮೇಡಂ. ನಾನು ಓಡ್ಸಿದ್ರೆ ನಿಲ್ಲಂಗಿಲ್ಲ, ನೀವು ಓಡ್ಸಿದ್ರೆ ನಿಲ್ತೈತೆ. ಲೇಡೀಸಿಗೆ ಈ ಗಾಡಿ ಸ್ವಲ್ಪ ಭಾರಾನೇ. ಒಂದು ಸ್ಕೂಟಿ ತಗಳ್ರಿ."

ಅವಳಿಗೆ ಬಾಯಿಗೆ ಬಂದ ಮಾತನ್ನು ನುಂಗಿಕೊಳ್ಳಲು ಹೊಳಲ್ಕೆರೆ ತಲುಪುವವರೆಗೂ ಸಮಯ ಹಿಡಿಯಿತು.

ಇಷ್ಟೆಲ್ಲ ಆದ ಮೇಲೆ ಬಂದದ್ದು ಆ ಏಳನೇ ಸಲ. ಆ ಬೆಳಗ್ಗೆ ದಾರಿಯಲ್ಲಿ ಒಬ್ಬರೂ ನಿಲ್ಲಲಿಲ್ಲ. ಕಾಲು ಗಂಟೆ ಕಾದು ಸ್ಟಾರ್ಟ್ ಮಾಡಿದಳು. ನಾಲ್ಕು ಕಿಲೋಮೀಟರಿಗೆ ನಿಂತಿತು. ಮತ್ತೆ ಕಾದಳು, ಮೂರು ಕಿಲೋಮೀಟರಿಗೆ ನಿಂತಿತು. ಹೀಗೆ ಹೊಳಲ್ಕೆರೆ ದಾಟಿ ಬಿ.ದುರ್ಗದ ಹಟ್ಟಿ ಮುಟ್ಟುವಾಗ ಹನ್ನೊಂದೂಕಾಲು. ರೊಪ್ಪದ ಬಾಗಿಲು ತೆರೆದಿತ್ತು. ಒಳಗೆ ಒಂದು ಕುಂಟು ಮರಿ ಬಿಟ್ಟರೆ ಏನೂ ಇರಲಿಲ್ಲ. ಸಣ್ಣತಿಮ್ಮಪ್ಪನ ಹೆಂಡತಿ ಓಬಮ್ಮ ಬೇವಿನ ಮರದ ಕೆಳಗೆ ಕೂತಿದ್ದಳು.

"ಹತ್ತು ಗಂಟೆ ತನಕ ತಡೆದ್ವಿ ಕಣವ್ವ. ಹೊಟ್ಟಿಗಿಲ್ದೆ ಒಂದೇ ಸಮ ಅರಚಾಕ್ ಹತ್ತಿದ್ವು. ನಮ್ಮ ಯಜಮಾನ ನಿನ್ನ ಬೈಯ್ಕಂತ ಕುರಿ ಹೊಡ್ಕಂಡ್ ಹೋತು" ಎಂದಳು.

ಐಸ್ ಡಬ್ಬಿ ತೆಗೆದು ನೋಡಿದರೆ ಐಸೆಲ್ಲ ಕರಗಿ ನೀರು ಉಗುರುಬೆಚ್ಚಗಾಗಿತ್ತು. ಆ ಬಾಟಲಿಗಳನ್ನು ಇನ್ನು ಬಳಸುವಂತಿರಲಿಲ್ಲ. ವಾಪಸ್ ತಂದು, ಹಾಳಾಯಿತೆಂದು ಬರೆದು ಸಹಿ ಮಾಡುವಾಗ ನೇತ್ರಾವತಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ಮಾತ್ರ ಗೊತ್ತಾಗಲಿಲ್ಲ.

ಮೂರನೇ ದಿನ ದೊಡ್ಡ ಮಳೆಯಾಯಿತು. ವಾರದೊಳಗೆ ಬೀಳಿನ ತುಂಬ ಹುಲ್ಲು ಚಿಗುರಿತು. ಬದಲಿ ಲಸಿಕೆ ಚಿತ್ರದುರ್ಗಕ್ಕೆ ಬಂದ ದಿನವೇ ಸಣ್ಣತಿಮ್ಮಪ್ಪ ಫೋನ್ ಮಾಡಿದ. "ನಾಕು ಹೋದ್ವು ಡಾಕ್ಟ್ರಮ್ಮ. ದಷ್ಟಪುಷ್ಟ ಇದ್ದಂಥವೇ." ಅಷ್ಟೇ ಹೇಳಿ ಇಟ್ಟುಬಿಟ್ಟ. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಅವಳಿಗೆ.

ಮಾರನೇ ಬೆಳಗ್ಗೆ ಐದಕ್ಕೇ ಮನೆ ಬಿಟ್ಟಳು. ಲಸಿಕೆಯನ್ನು ಹಿಂದಿನ ದಿನವೇ ತಂದು ಹೊಳಲ್ಕೆರೆ ಆಸ್ಪತ್ರೆಯ ಫ್ರಿಜ್ಜಿನಲ್ಲಿ ಇರಿಸಿದ್ದಳು. ಟ್ಯಾಂಕು ಅರ್ಧದಷ್ಟಿತ್ತು, ಬೈಕು ನಿಲ್ಲದೆ ತಲುಪಿಸಿತು. ಓಬಮ್ಮ ಕುರಿಗಳನ್ನು ಒಂದೊಂದಾಗಿ ಹಿಡಿದು ಕೊಡುವುದು, ನೇತ್ರಾವತಿ ತೊಡೆಯ ಒಳಗಡೆ ಚರ್ಮ ಎತ್ತಿ ಚುಚ್ಚುವುದು, ಸಣ್ಣತಿಮ್ಮಪ್ಪ ಬಣ್ಣ ಬಳಿದು ಆಚೆ ಬಿಡುವುದು. ಅವನು ಅವಳ ಮುಖ ನೋಡಲಿಲ್ಲ. ಕೆಲಸ ಬೇಗ ಮುಗಿಸಿಬಿಡಬೇಕೆಂಬ ಆತುರದಲ್ಲಿ ಅವಳು ಎರಡನೇ ಬಾಟಲಿ ಹಾಕಿಕೊಂಡಳು. ಆರೇಳು ಕುರಿ ಆಗುವಷ್ಟರಲ್ಲಿ ಸಿರಿಂಜು ಬಿಗಿಯಾಯಿತು. ಹಿಡಿಕೆ ಎಳೆದರೆ ಔಷಧಿ ಬರುತ್ತಿಲ್ಲ. ಬಿಟ್ಟರೆ ತಾನಾಗಿ ಒಳಗೆ ಎಳೆದುಕೊಳ್ಳುತ್ತಿದೆ. ಬಾಟಲಿಯೇನೋ ತುಂಬಿದೆ.

"ಥೂ, ಗಾಳಿ ಸೂಜಿ ಮರೆತೆ" ಎಂದುಕೊಂಡು, ಬಾಟಲಿಯ ರಬ್ಬರ್ ಬಿರಡೆಗೆ ಇನ್ನೊಂದು ಖಾಲಿ ಸೂಜಿ ಚುಚ್ಚಿದಳು. ಸುಸ್ಸೆಂದು ಗಾಳಿ ಒಳಗೆ ಹೋಯಿತು. ಸಿರಿಂಜು ಸಡಿಲಾಗಿ ಔಷಧಿ ಸರಾಗವಾಗಿ ಬಂತು.

ಹನ್ನೆರಡು ವರ್ಷದಿಂದ ಮಾಡುತ್ತಿದ್ದ ಕೆಲಸ ಅದು. ಮುಚ್ಚಿದ ಬಾಟಲಿಯಿಂದ ಔಷಧಿ ಹೊರಗೆ ಬರಬೇಕಾದರೆ ಅಷ್ಟೇ ಗಾಳಿ ಒಳಗೆ ಹೋಗಬೇಕು. ಅರ್ಧ ಖಾಲಿಯಾದ ಬಾಟಲಿ ಅಷ್ಟು ಕಾಡುವುದಿಲ್ಲ, ತುಂಬಿದ ಬಾಟಲಿಯೇ ಬೇಗ ಬಿಗಿಯುವುದು. ನೇತ್ರಾವತಿ ಸಿರಿಂಜು ಕೈಯಲ್ಲಿ ಹಿಡಿದು ಹಾಗೇ ನಿಂತಳು. ತುಂಬಿದ ಟ್ಯಾಂಕು. ಮುಚ್ಚಳ ತೆಗೆದು ನೋಡಿದ ಕೂಡಲೇ ಸ್ಟಾರ್ಟ್ ಆಗುವ ಬೈಕು. ಬಂದವರೆಲ್ಲ ಮೊದಲು ಮುಚ್ಚಳವನ್ನೇ ತೆಗೆದರು! ರಾಜಶೇಖರ್ ಕೂಡ ಪ್ರತಿ ಸಲ ಅದನ್ನೇ ತೆಗೆದು, ಆಮೇಲೆ ರೌಂಡು ಹೊಡೆದ. ಕಾಯಿಲೆಯನ್ನು ವಾಸಿ ಮಾಡಿ ಮಾಡಿ, ಕಾಯಿಲೆಯೇ ಇಲ್ಲವೆಂದು ಕಳಿಸುತ್ತಿದ್ದರು.

"ಯಾಕಮ್ಮ, ನಿಂತೇ ಬಿಟ್ಯಲ್ಲ? ಕುರಿ ಕೈ ಜಗ್ತೈತೆ" ಎಂದಳು ಓಬಮ್ಮ.

"ಏನಿಲ್ಲ ಓಬಜ್ಜಿ, ಹಿಡ್ಕಳ್ರಿ" ಎಂದು ಅವಳು ಚುಚ್ಚಿದಳು. ಮುನ್ನೂರೂ ಮುಗಿಯುವವರೆಗೆ ಬೈಕಿನ ಕಡೆ ಹೋಗಲಿಲ್ಲ.

ಮರುದಿನ ಬೆಳಗ್ಗೆ ಚಿತ್ರದುರ್ಗಕ್ಕೆ ಬಂದು, ಟ್ಯಾಂಕನ್ನು ಕಂಠಪೂರ್ತಿ ತುಂಬಿಸಿಕೊಂಡು, ನೇರ ರಾಜಶೇಖರನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ಅವನು ಅವಳನ್ನು ಕಂಡದ್ದೇ ನಿಟ್ಟುಸಿರು ಬಿಟ್ಟ.

"ಮತ್ತೆ ಏನ್ ಮೇಡಂ?"

"ಒಂದು ಸ್ಕ್ರೂಡ್ರೈವರ್ ತಗಳ್ರಿ ರಾಜಶೇಖರಣ್ಣ. ಹಿಂದೆ ಹತ್ರಿ."

"ಎಲ್ಲಿಗೆ?"

"ಅದು ನಿಲ್ಲೋವರ್ಗೂ ಹೋಗಾಣ."

"ನಾನ್ಯಾಕ್ರೀ ಹಿಂದೆ ಹತ್ಲಿ? ಕೀ ಕೊಡ್ರಿ, ನಾನೇ ಓಡಿಸ್ತೀನಿ."

"ನಾನು ಓಡ್ಸಿದ್ರೆ ತಾನೇ ನಿಲ್ಲೋದು? ನೀವೇ ಹೇಳಿದ್ರಲ್ಲ. ಹತ್ರಿ!"

ಅವಳ ದನಿ ಕೇಳಿ ಪಕ್ಕದ ಪಂಕ್ಚರ್ ಅಂಗಡಿಯವನೂ ತಲೆ ಎತ್ತಿದ. ರಾಜಶೇಖರ್ ಎರಡು ಪೆಟ್ಟಿಗೆಗಳ ನಡುವೆ ಕಾಲು ಮಡಚಿಕೊಂಡು ಕೂತ. ಊರು ದಾಟುವವರೆಗೂ, ಗುರುತಿನವರು ಸಿಕ್ಕಾರೆಂದು ತಲೆ ಬಗ್ಗಿಸಿಯೇ ಇದ್ದ.

ಹತ್ತು ಕಿಲೋಮೀಟರು. ಹನ್ನೆರಡು. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಿಂದೆ ಸರಿದವು. "ಚೆನ್ನಾಗೇ ಐತಲ್ರೀ" ಎಂದು ಹಿಂದಿನಿಂದ ಕೂಗಿದ. ಹದಿನಾರು. ನೇತ್ರಾವತಿ ಜೀವನದಲ್ಲಿ ಮೊದಲ ಸಲ ಈ ಗಾಡಿ ನಿಲ್ಲಲೆಂದು ಬೇಡಿಕೊಂಡಳು. ಹದಿನೆಂಟು ಮುಗಿಯುವ ಹೊತ್ತಿಗೆ ಬೈಕು ಉಗ್ಗಿತು, ಸೊರಗಿತು, ನಿಂತಿತು.

ರಾಜಶೇಖರ್ ಇಳಿದವನೇ ಕೀಗೆ ಕೈ ಚಾಚಿದ. ಅವಳು ಕೀ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಪೆಟ್ರೋಲ್ ನೋಡ್ತೀನಿ ತಡೀರಿ."

"ನೋಡಬ್ಯಾಡ್ರಿ. ಪೆಟ್ರೋಲ್ ಐತೆ. ಅದನ್ನ ನೋಡಿ ನೋಡಿನೇ ಹಿಂಗಾಗಿರೋದು. ಮುಚ್ಚಳ ಮುಟ್ಟಬ್ಯಾಡ್ರಿ. ಕಾರ್ಬೋರೇಟರ್ ತಳದ ಸ್ಕ್ರೂ ಸಡ್ಲ ಮಾಡ್ರಿ."

ಅವನು ಗೊಣಗುತ್ತ ಮಂಡಿಯೂರಿ ಕೂತು ಸ್ಕ್ರೂ ತಿರುಗಿಸಿದ. ನಾಲ್ಕು ಹನಿ ಪೆಟ್ರೋಲ್ ಬಿತ್ತು. ನಿಂತಿತು. ಕಾಕ್ ನೋಡಿದ, ತೆರೆದೇ ಇತ್ತು. ಪೈಪನ್ನು ಬೆರಳಿನಿಂದ ತಟ್ಟಿದ. ಏನೂ ಇಲ್ಲ.

"ಟ್ಯಾಂಕ್ ಫುಲ್ ಐತೆ, ಕೆಳಗೆ ಪೆಟ್ರೋಲ್ ಇಳೀವಲ್ದು" ಎಂದು ಅವನು ಯಾರಿಗೋ ಎಂಬಂತೆ ಹೇಳಿದ.

"ಹಂಗೇ ಕೈ ಇಟ್ಕಂಡಿರ್ರಿ" ಎಂದು ನೇತ್ರಾವತಿ ಮುಚ್ಚಳಕ್ಕೆ ಕೀ ಹಾಕಿ ತಿರುಗಿಸಿದಳು.

ಸುಸ್! ಟ್ಯಾಂಕು ಉಸಿರೆಳೆದುಕೊಂಡ ಸದ್ದು ಇಬ್ಬರಿಗೂ ಕೇಳಿತು. ಮರುಕ್ಷಣ ಕೆಳಗೆ ಪೆಟ್ರೋಲ್ ಧಾರೆ ಕಟ್ಟಿ ರಾಜಶೇಖರನ ಅಂಗೈ ತುಂಬಿ ಅಂಗಿಯ ತೋಳಿನೊಳಗೆ ಹರಿಯಿತು. ಅವನು ತಡಬಡಿಸಿ ಸ್ಕ್ರೂ ಬಿಗಿ ಮಾಡಿದ.

"ಏರ್ ಲಾಕ್" ಎಂದ. ಆಮೇಲೆ ಮುಖ ಎತ್ತದೆ, "ಅದೊಂದು ಬಿಟ್ಟು ಎಲ್ಲಾ ನೋಡಿದ್ನಲ್ರೀ ನಾನು."

ಮುಚ್ಚಳದ ಗಾಳಿತೂತಿನಿಂದ ಒಂದು ಸಣ್ಣ ರಬ್ಬರ್ ಟ್ಯೂಬು ಟ್ಯಾಂಕಿನ ಒಳಗಿಂದ ಇಳಿದು ಎಂಜಿನ್ನಿನ ಹಿಂದೆ ನೆಲದ ಕಡೆ ಬಾಯಿ ಬಿಟ್ಟುಕೊಂಡಿರುತ್ತದೆ. ಟ್ಯಾಂಕಿನೊಳಗೆ ಗಾಳಿ ಹೋಗಲು ಅದೊಂದೇ ದಾರಿ. ರಾಜಶೇಖರ್ ರಸ್ತೆಯ ಮೇಲೆ ಮಲಗಿ ಅದರ ತುದಿ ಹುಡುಕಿ ಎಳೆದ. ಬಾಯಿಯಲ್ಲಿ ಮಣ್ಣು, ಸಿಮೆಂಟಿನಂತೆ ಗಟ್ಟಿ; ಕಾಲು ಗಂಟೆಗೊಮ್ಮೆ ಒಂದಿಷ್ಟು ಗಾಳಿ ನುಸುಳಲು ಕೂದಲೆಳೆಯಷ್ಟು ಬಿರುಕು ಮಾತ್ರ. ಗೋಡೆ ಸಂದಿಯಲ್ಲಿ, ಸ್ವಿಚ್ ಬೋರ್ಡಿನ ತೂತಿನಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಆ ಕುಂಬಾರ ಹುಳದ ಕೆಲಸ. ತಂತಿಯಿಂದ ಕೆದಕಿದರೆ ಮಣ್ಣಿನ ಜೊತೆ ಅದು ಮರಿಗಳಿಗೆಂದು ಕೂಡಿಟ್ಟಿದ್ದ ಒಣಗಿದ ಜೇಡಗಳು ಉದುರಿದವು.

"ಗಾಡಿ ಎಲ್ಲಾದ್ರೂ ನಿಲ್ಸಿದ್ರಾ, ಬಾಳ ದಿನ?"

ಚಿಕುನ್‌ಗುನ್ಯದಲ್ಲಿ ತಾನು ಹಾಸಿಗೆಯಲ್ಲಿ ಒದ್ದಾಡುತ್ತಿದ್ದಾಗ ಹೊರಗೆ ಶೀಟಿನ ಕೆಳಗೆ ಒಂದು ಹುಳ ನಿಧಾನವಾಗಿ ಮಣ್ಣು ತಂದು ಮೆತ್ತುತ್ತಿತ್ತೆಂಬುದು ಅವಳಿಗೆ ಈಗ ತಿಳಿಯಿತು. ಗೆದ್ದ ಸಂತೋಷ ಬರಬೇಕಿತ್ತು. ಬದಲಿಗೆ ಮೈಯೆಲ್ಲ ಉರಿಯಿತು. ಎರಡು ಫಿಲ್ಟರು, ಒಂದು ಕಾಕು, ಬಂಕಿನವರ ಜೊತೆ ಜಗಳ, ಸ್ಕೂಟಿಯ ಉಪದೇಶ. ನಾಲ್ಕು ಕುರಿ. ಎಲ್ಲ ಒಂದು ಚಿಟಿಕೆ ಮಣ್ಣಿಗೆ.

"ರಾಜಶೇಖರಣ್ಣ, ಇನ್ನೊಂದ್ಸಲ ಯಾವ ಹೆಣ್ಮಗಳಿಗಾದ್ರೂ ಸ್ಕೂಟಿ ತಗಳ್ರಿ ಅನ್ನೋಕ್ ಮುಂಚೆ ಈ ಟ್ಯೂಬ್ ನೋಡ್ರಿ" ಎಂದಳು.

ಅವನು ಒದ್ದೆ ತೋಳನ್ನು ಹಿಂಡುತ್ತ, "ಆತು ಮೇಡಂ" ಎಂದ. ವಾಪಸ್ ಬರುವಾಗ ಕೀ ಕೇಳಲಿಲ್ಲ. ತಾನಾಗಿ ಹಿಂದೆ ಹತ್ತಿ ಕೂತ.

ಗಿರೀಶನಿಗೆ ವಿಷಯ ಹೇಳಿದಾಗ ಅವನು, "ನಾನಾಗ್ಲೇ ಹೇಳಿರ್ಲಿಲ್ವಾ, ಪೆಟ್ರೋಲ್ ಸಪ್ಲೈದೇ ಪ್ರಾಬ್ಲಂ ಅಂತ?" ಎಂದ. ಅವಳು ಒಳಗೆ ಹೋಗಿ ಮುಖ ತೊಳೆದುಕೊಂಡಳು.

ಹದಿನೈದು ದಿನಕ್ಕೆ ಮರಿಗಳಿಗೆ ಎರಡನೇ ಸಲ ಲಸಿಕೆ ಹಾಕಬೇಕಿತ್ತು. ಫೋನಿನಲ್ಲಿ, ಬೈಕು ಸರಿಯಾಗಿದೆ ಎಂದು ಹೇಳಲು ಹೋದರೆ ಸಣ್ಣತಿಮ್ಮಪ್ಪ ಅರ್ಧಕ್ಕೇ ತಡೆದ. "ಬೈಕಿನ ಸುದ್ದಿ ನನಗ್ಯಾಕವ್ವ? ನೀನು ಬಸ್ಸಿಗಾರ ಬಾ, ನಡಕಂಡಾರ ಬಾ. ಆರು ಗಂಟಿಗೆ ಇಲ್ಲಿರು." ಹುಳದ ಕಥೆ ಅವಳ ಬಾಯಲ್ಲೇ ಉಳಿಯಿತು. ಸತ್ತ ನಾಲ್ಕರ ಮುಂದೆ ಅದನ್ನು ಹೇಗೆ ಹೇಳಿದರೂ ನೆಪದಂತೆಯೇ ಕೇಳುತ್ತದೆ ಎಂದು ಅವಳಿಗೂ ಗೊತ್ತಿತ್ತು.

ಆರಕ್ಕೆ ಹತ್ತು ನಿಮಿಷವಿರುವಾಗ ಹಟ್ಟಿಗೆ ಬಂದಳು. ಟ್ಯಾಂಕು ತುಂಬಿತ್ತು, ದಾರಿಯಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಓಬಮ್ಮ ಆಗಷ್ಟೇ ಒಲೆ ಹಚ್ಚುತ್ತಿದ್ದಳು. ಸಣ್ಣತಿಮ್ಮಪ್ಪ ಕಂಬಳಿ ಕೊಡವುತ್ತ ಹೊರಗೆ ಬಂದು ಬೈಕನ್ನು ನೋಡಿದ, ಅವಳನ್ನು ನೋಡಿದ. ಸತ್ತವುಗಳ ಮಾತೆತ್ತಲಿಲ್ಲ, ಮರೆತಂತೆಯೂ ಕಾಣಲಿಲ್ಲ.

"ಇವಳೇ, ಡಾಕ್ಟ್ರಮ್ಮಗೆ ಚಾ ಇಡು" ಎಂದು ಹೆಂಡತಿಗೆ ಕೂಗಿ ಹೇಳಿ, ರೊಪ್ಪದ ಮುಳ್ಳು ಸರಿಸಿ ಒಳಗೆ ಹೋಗಿ ಮೊದಲ ಮರಿಯನ್ನು ಹಿಡಿದ. ಚಾ ಆರಲಿ ಎಂದು ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು ನೇತ್ರಾವತಿ ಸಿರಿಂಜು ತುಂಬಿಕೊಂಡಳು.